ಗೋಡೆಬಾಕಿ

ಹಂಬರ್ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ಗ್ರಿಮ್ಸ್‌ಬಿಯ ಹಳೇ ಮೀನುಕಟ್ಟೆ. ಏಳು ಬಾಗಿಲ ಸಾಲು.
ನಮ್ಮದು ಐದನೆಯದು.
ನಾಲ್ಕನೆಯದು ಕುಸಿದು ಹನ್ನೆರಡು ವರ್ಷ;
ಅದರ ಮಹಡಿಯ ಒಲೆಗೂಡು ಮಾತ್ರ
ನಮ್ಮ ಗೋಡೆಗೆ ಅಂಟಿಕೊಂಡೇ ಇದೆ, ನಡು ಆಕಾಶದಲ್ಲಿ.
ಮೇಲೊಂದು ಮೊಳೆ, ಮೊಳೆಗೆ ಕನ್ನಡಿಯ ದಾರ.
ಗೋಡೆ ಒಂದು ಮನೆ ಎರಡು ಎಂದು ಲೆಕ್ಕ ಹಾಕಿ ಕಟ್ಟಿದವರು
ಒಂದು ಹೋದರೆ ಇನ್ನೊಂದಕ್ಕೆ ಚಳಿಯಾದೀತೆಂದು
ಎಣಿಸಿರಲಿಲ್ಲ.

ನಾನು ಕಿಟಕಿಯವನು.
ಚೌಕಟ್ಟಿನೊಳಗೆ ಗುಟ್ಟಾಗಿ ತೂಗುವ ಕಬ್ಬಿಣದ ಗುಂಡು,
ಬಣ್ಣ ಬಳಿದೂ ಬಳಿದೂ ಬಾಯಿ ಕಟ್ಟಿಹೋದ ಅಂಚು,
ಅವನ್ನು ಬಿಡಿಸಿ ಮತ್ತೆ ಮೇಲೆ ಕೆಳಗೆ ಆಡಿಸುವುದು ನನ್ನ ಕಸುಬು.
ಸುಣ್ಣದ ಕೆಲಸ ಕೆಸ್ತುತಿಸನದು. ಲಿಥುವೇನಿಯಾದವನು,
ಹದಿನಾಲ್ಕು ವರ್ಷ ಇದೇ ಊರಲ್ಲಿ
ದೂರದಿಂದ ಲಾರಿಯಲ್ಲಿ ಬಂದ ಮೀನಿಗೆ ಮುಳ್ಳು ತೆಗೆದವನು.
ಈಗ ಗೋಡೆಗೆ ಮುಳ್ಳು ತೆಗೀತಿದೀನಿ ಅನ್ನುತ್ತಾನೆ:
ಯಾರೋ ಬಳಿದ ಸಿಮೆಂಟು, ಉಸಿರಾಡಲು ಬಿಡದ್ದು.
ಬಡಿದರೆ ಹಪ್ಪಳದ ಹಾಗೆ ಏಳುತ್ತದೆ,
ಅಡಿಯಲ್ಲಿ ಇಟ್ಟಿಗೆ ಒದ್ದೆ,
ಜ್ವರ ಬಿಟ್ಟ ಮಗುವಿನ ಬೆನ್ನು.

ಮಂಗಳವಾರ, ಸಿಮೆಂಟಿನಡಿ ಹಳೇ ಗಾರೆ ಸಿಕ್ಕಿತು,
ಗಾರೆಯ ಮೇಲೆ ಪೆನ್ಸಿಲ್ ಅಕ್ಷರ.
ಮಾಲ್ಟ್‌ಬಿಯ ಅಂಗಡಿ ಇದು; ಕಡಲಿಗೆ ಹೋಗುವವರಿಗೆ
ಬೂಟು, ಎಣ್ಣೆಬಟ್ಟೆ, ಚಾಕು, ಹೊಗೆಸೊಪ್ಪು.
ಸಾಲುಮನೆಯಲ್ಲೊಂದು ಸಾಲದ ಗೋಡೆ.
ಮೂವತ್ತೊಂದು ಹೆಸರು. ಕೆಲವಕ್ಕೆ ಅಡ್ಡಗೆರೆ.
ತೀರಿಸಿದವರೋ, ತೀರಿಕೊಂಡವರೋ,
ಗೆರೆ ಹೇಳುವುದಿಲ್ಲ.

*ಆಸ್ಗರ್ಬಿ. ಬೂಟು ಒಂದು ಜೊತೆ. ಉಣ್ಣೆ ಕೈಗವಸು ಎರಡು ಜೊತೆ.
ಬಾಕಿ ಹನ್ನೊಂದು ಶಿಲ್ಲಿಂಗು ನಾಲ್ಕು ಪೆನ್ನಿ.*
ಗೆರೆ ಇಲ್ಲ.

ಮಗಳು ಇದ್ದಾಳೆಂದು ತಿಳಿಯಿತು. ಎನಿಡ್, ಎಂಬತ್ತಾರು.
ಬಸ್ಸಿನಲ್ಲಿ ಬಂದಳು, ತರಕಾರಿ ಚೀಲದ ಸಮೇತ.
ಹಳೆಯದನ್ನು ಕಾಯುವ ಇಲಾಖೆಯ ಇಮೋಜೆನ್
ಕುರ್ಚಿ ಹಾಕಿದಳು, ಕಣ್ಣೀರಿಗೆಂದು ಕಾಗದದ ಡಬ್ಬಿ ಇಟ್ಟಳು.
ಎನಿಡ್ ಕನ್ನಡಕ ಏರಿಸಿ ಎರಡು ಸಲ ಓದಿದಳು.
"ಕೈಗವಸು? ಎರಡು ಜೊತೆ?
ನಮ್ಮಪ್ಪ ಅಂಗಡೀದು ಹಾಕಿದ್ದೇ ಇಲ್ಲ.
ಅಮ್ಮ ಹೆಣೀತಿದ್ದಳು, ಹೆಬ್ಬೆರಳು ಎರಡಿರೋದು,
ಒಂದು ಮಗ್ಗುಲು ಸವೆದರೆ ತಿರುಗಿಸಿ ಹಾಕ್ಕೊಳ್ಳೋಕೆ.
ಮಾಲ್ಟ್‌ಬಿ ಕಳ್ಳ.
ಹಡಗಿನ ಒಡೆಯರ ಕಣ್ಣಿಗೆ ಬೆಣ್ಣೆ, ನಮಗೆ ಸುಣ್ಣ."

ಕೆಸ್ತುತಿಸ್ ತನ್ನ ಬಕೆಟ್ಟು ನೋಡಿಕೊಂಡ.
ನಾಲ್ಕು ತಿಂಗಳು ನೆನೆದ ಸುಣ್ಣ, ಥೇಟು ಬೆಣ್ಣೆ.

"ಹಡಗು ಹೊರಡುವ ದಿನ ಬಟ್ಟೆ ಒಗೀಬಾರದು,
ಒಗೆದರೆ ಗಂಡಸು ಕೊಚ್ಚಿಹೋಗ್ತಾನೆ. ಅಮ್ಮ ಒಗೆದಿರಲಿಲ್ಲ.
ಮೂರನೇ ವಾರ ಇವನು ಬಾಗಿಲಿಗೆ ಬಂದ, ಟೊಪ್ಪಿ ತೆಗೆದು ನಿಂತ,
ಪಾಪ ಅಂದ, ಹನ್ನೊಂದು ನಾಲ್ಕು ಅಂದ.
ಅಮ್ಮ ಎಣಿಸಿ ಕೊಟ್ಟಳು, ನಾನು ಮೆಟ್ಟಿಲ ಮೇಲಿದ್ದೆ.
ಗೆರೆ ಎಲ್ಲಿ?"

ಸಿಕ್ಕಿದ್ದನ್ನು ಸಿಕ್ಕ ಹಾಗೇ ಉಳಿಸಬೇಕು, ಅಂದಳು ಇಮೋಜೆನ್,
ಮೆತ್ತಗೆ. ಮೇಲೊಂದು ಗಾಜು ಬರುತ್ತದೆ, ಚಿಕ್ಕ ದೀಪ ಕೂಡ.
"ಅಂದರೆ ಮೋಸಕ್ಕೆ ಗಾಜು."

ಆಮೇಲೆ ಇಮೋಜೆನ್‌ಗೆ ಫೋನು ಬಂತು, ಹೊರಗೆ ಹೋದಳು.
ಕೆಸ್ತುತಿಸ್ ನೀರು ತರಲು ಹೋದ, ನೀರು ಅಲ್ಲೇ ಇತ್ತು.
ನಾನು ಹಗ್ಗಕ್ಕೆ ಗಂಟು ಹಾಕುತ್ತಿದ್ದೆ. ಕಿಟಕಿಯವನು,
ಕಿಟಕಿಯ ಕಡೆಗೇ ನೋಡುತ್ತಿದ್ದೆ.
ಕಿವಿಯ ಸಂದಿಯಲ್ಲಿದ್ದ ನನ್ನ ಪೆನ್ಸಿಲ್
ಯಾವಾಗ ಹೋಯಿತೋ,
ಸಂಜೆ ಕುರ್ಚಿಯ ಮೇಲೆ ಸಿಕ್ಕಿತು. ಡಬ್ಬಿಯ ಕಾಗದ
ಒಂದೂ ಖರ್ಚಾಗಿರಲಿಲ್ಲ.

ಗಾಜು ಹಾಕುವ ದಿನ ಇಮೋಜೆನ್ ಎಣಿಸಿದಳು:
ಹೆಸರು ಮೂವತ್ತೊಂದು. ಅಡ್ಡಗೆರೆ ಹದಿಮೂರು.
ಮೊದಲ ಫೋಟೊದಲ್ಲಿ ಹನ್ನೆರಡು.
ಫೋಟೊ ನೋಡಿದಳು, ಗೋಡೆ ನೋಡಿದಳು,
ನನ್ನ ಕಿವಿಯನ್ನೂ ನೋಡಿದಳು.
ಹದಿಮೂರು, ಎಂದು ಬರೆದುಕೊಂಡು
ಕಿಟಕಿ ಎತ್ತು ಅಂದಳು, ಸುಣ್ಣಕ್ಕೆ ಗಾಳಿ ಬೇಕು.

ಗೋಡೆಯೊಳಗೆ ಗುಂಡು ಇಳಿಯಿತು, ಕಿಟಕಿ ಎದ್ದಿತು,
ಒಂದೇ ಬೆರಳಿಗೆ.